ಆರ್ಕೈವ್ ಆದ ಜಿಯೋಕ್ಯಾಶ್‌ನ ಪುಟ ಎಲ್ಲಿ ಸಿಗುತ್ತದೆ?

ಹಳೇಜಾಡು:
ಎಷ್ಟೋ ವರ್ಷಗಳ ಹಿಂದೆ ಅಣ್ಣನ ಜೊತೆ ಹೋಗಿ ಒಂದು ಜಿಯೋಕ್ಯಾಶ್ (ಯಾರೋ ಬಚ್ಚಿಟ್ಟ, ಜಿಪಿಎಸ್ ಹಿಡಿದು ಹುಡುಕುವ ಡಬ್ಬಿ) ಹುಡುಕಿದ್ದೆ. ಜಿಯೋಕ್ಯಾಶಿಂಗ್ ಸೈಟ್‌ನಲ್ಲಿ ಲಾಗ್ (ಸಿಕ್ಕಿತು ಅನ್ನುವ ಟಿಪ್ಪಣಿ) ಹಾಕಿದ್ದು ಅವನ ಖಾತೆಯಿಂದ. ನಾನು ಖಾತೆ ತೆರೆದದ್ದು ಆಮೇಲೆ. ಈಗ ಸೈಟ್‌ನಲ್ಲಿದ್ದ ಆ ಕ್ಯಾಶ್‌ನ ಪುಟವನ್ನು ಮತ್ತೆ ಓದುವ ಆಸೆ. ಮ್ಯಾಪ್‌ನಲ್ಲಿ ಆ ಜಾಗ ನೋಡಿದರೆ ಖಾಲಿ. ಹೆಸರು ಹಾಕಿ ಹುಡುಕೋಣ ಅಂದರೆ ‘ಸೇತುವೆ’ ಅಂತ ಏನೋ ಇತ್ತು ಅನ್ನುವುದಷ್ಟೇ ನೆನಪು. ಅಣ್ಣನನ್ನು ಕೇಳಿದರೆ ಖಾತೆಯ ಹೆಸರೂ ಮರೆತಿದ್ದಾನೆ, ಆ ಇಮೇಲ್ ಕೂಡ ಈಗಿಲ್ಲ.

ಕೈಯಲ್ಲಿರುವುದು ಹಳದಿ ಬಣ್ಣದ ಹಳೇ ಇಟ್ರೆಕ್ಸ್ ಜಿಪಿಎಸ್ ಮತ್ತು ಅಣ್ಣನ ಕೈಬರಹದ ಒಂದು ಚೀಟಿ. ಚೀಟಿಯಲ್ಲಿರುವ ಜಿಸಿ ಕೋಡ್ (ಪ್ರತಿ ಕ್ಯಾಶ್‌ಗೂ ಇರುವ, ಜಿಸಿಯಿಂದ ಶುರುವಾಗುವ ಗುರುತು) ಹಾಕಿದರೆ ಏನೂ ಬರುತ್ತಿಲ್ಲ. ಕ್ಯಾಶ್ ತೆಗೆದ ಮೇಲೆ ಪುಟವನ್ನೂ ಅಳಿಸಿಬಿಡುತ್ತಾರಾ?

ಗುಬ್ಬಿಗೂಡು:
 ವೆಬ್ ಪುಟಗಳ ಹಳೇ ಪ್ರತಿ ಇಡುವ ವೇಬ್ಯಾಕ್ ಮೆಷಿನ್‌ನಲ್ಲಿ ನೋಡಿದ್ರಾ?

ಡಬ್ಬಿರಾಯ:
ಅಳಿಸುವುದಿಲ್ಲ ಸ್ವಾಮಿ. ಆರ್ಕೈವ್ ಮಾಡಿದರೆ, ಅಂದರೆ ಆಟದಿಂದ ತೆಗೆದರೆ, ಅದು ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ, ಪಾಕೆಟ್ ಕ್ವೆರಿಯಲ್ಲಿ (ಸೈಟ್‌ನಿಂದ ಒಟ್ಟಿಗೆ ಇಳಿಸಿಕೊಳ್ಳುವ ಕ್ಯಾಶ್‌ಗಳ ಪಟ್ಟಿ) ಬರುವುದಿಲ್ಲ, ಅಷ್ಟೇ. ಪುಟ, ಲಾಗ್, ಫೋಟೋ ಎಲ್ಲಾ ಇದ್ದಲ್ಲೇ ಇರುತ್ತವೆ. ಲಾಗಿನ್ ಆಗಿ, ಕೋಆರ್ಡ್ ಡಾಟ್ ಇನ್ಫೋ ವಿಳಾಸದ ಕೊನೆಗೆ ಸ್ಲ್ಯಾಷ್ ಹಾಕಿ ಕೋಡ್ ಬರೆದರೆ ನೇರವಾಗಿ ತೆರೆಯುತ್ತದೆ. ವೇಬ್ಯಾಕ್ ಮೆಷಿನ್‌ಗೆ ನಾನು ಹೋಗುವುದು ಕೊನೆಗೆ. ಅಲ್ಲೂ ಕೋಡ್ ಇಲ್ಲದೆ ವಿಳಾಸ ಗೊತ್ತಾಗುವುದಿಲ್ಲ. ಲಾಗಿನ್ ಇಲ್ಲದೆ ತೆಗೆದ ಪ್ರತಿಯಲ್ಲಿ ಕೋಆರ್ಡಿನೇಟ್ (ಜಾಗದ ಅಕ್ಷಾಂಶ, ರೇಖಾಂಶ) ಕೂಡ ಸಾಮಾನ್ಯವಾಗಿ ಇರುವುದಿಲ್ಲ.

ನಿಮ್ಮ ಚೀಟಿಯ ಕೋಡ್ ತೆರೆಯುತ್ತಿಲ್ಲ ಅಂದರೆ ನನಗೆ ಅನುಮಾನ ಕೈಬರಹದ ಮೇಲೆ. ಜಿಸಿ ಕೋಡ್‌ನಲ್ಲಿ ಐ, ಎಲ್, ಓ, ಎಸ್, ಯು ಈ ಐದು ಅಕ್ಷರ ಬರುವುದೇ ಇಲ್ಲ. ಓದುವಾಗ ಗೊಂದಲ ಬೇಡ ಅಂತ ಬಿಟ್ಟಿದ್ದಾರೆ. ಹಾಗಾಗಿ ಓ ಕಂಡರೆ ಅದು ಸೊನ್ನೆ, ಎಸ್ ಕಂಡರೆ 5, ಐ ಕಂಡರೆ 1.

ಇಟ್ರೆಕ್ಸ್ ಇದೆ ಅಂದ್ರಲ್ಲ, ಅದನ್ನು ಮೊದಲು ಆನ್ ಮಾಡಿ. ಆ ಹಳದಿ ಮಾಡೆಲ್‌ನಲ್ಲಿ ವೇಪಾಯಿಂಟ್ (ಉಳಿಸಿಟ್ಟ ಜಾಗ) ಹೆಸರಿಗೆ ಆರೇ ಅಕ್ಷರದ ಅವಕಾಶ. ಪೂರ್ತಿ ಹೆಸರು ಹಿಡಿಯುತ್ತಿರಲಿಲ್ಲ, ಎಲ್ಲರೂ ಜಿಸಿ ಕೋಡನ್ನೇ ಹೆಸರಾಗಿ ಹಾಕುತ್ತಿದ್ದರು. ಆಗಿನ ಕೋಡ್‌ಗಳು ಆರು ಅಕ್ಷರದೊಳಗೇ ಮುಗಿಯುತ್ತಿದ್ದವು. ವೇಪಾಯಿಂಟ್ ಪಟ್ಟಿಯಲ್ಲಿ ಜಿಸಿಯಿಂದ ಶುರುವಾಗುವುದು ಕಂಡರೆ ನಿಮ್ಮ ಕೆಲಸ ಆಯಿತು.

ಇನ್ನೊಂದು ವಿಷಯ. ಕೋಡ್‌ಗಳು ಸರದಿ ಪ್ರಕಾರ ಬರುತ್ತವೆ. ಮೊದಮೊದಲು ಹೆಕ್ಸಾಡೆಸಿಮಲ್, ಅಂದರೆ ಅಂಕಿಗಳು ಮತ್ತು ಎ ಇಂದ ಎಫ್ ವರೆಗೆ ಮಾತ್ರ. ಅದು ಮುಗಿದ ಮೇಲೆ ಉಳಿದ ಅಕ್ಷರಗಳೂ ಸೇರಿದವು. ಆರು ಅಕ್ಷರದ ಕೋಡ್‌ನಲ್ಲಿ ಜಿಸಿ ಆದ ಮೇಲೆ ಜಿ, ಎಚ್, ಕೆ ಥರ ಅಕ್ಷರ ಬಂದಿದ್ದರೆ ಅದು ಮೊದಲ ಕಂತಿನದಲ್ಲ. 2000ದ ಮೇ 3ರಂದು ಅಮೆರಿಕದ ಆರೆಗಾನ್‌ನಲ್ಲಿ ಈ ಆಟದ ಮೊದಲ ಡಬ್ಬಿ ಇಟ್ಟರು. ಆ ಜಾಗದ ನೆನಪಿಗೆ ಆಮೇಲೆ ಹಾಕಿದ ಫಲಕದ ಕ್ಯಾಶ್‌ನ ಕೋಡ್ ಕೂಡ ಈ ಎರಡನೇ ಕಂತಿನದೇ.

ಕೋಡ್ ಸಿಗಲೇ ಇಲ್ಲ ಅಂದರೆ ಅಕ್ಕಪಕ್ಕದ ಕ್ಯಾಶ್‌ಗಳನ್ನು ವಿಚಾರಿಸಬೇಕು. ಹತ್ತಿರದಲ್ಲಿ ಆ ಕಾಲದ ಕ್ಯಾಶ್ ಯಾವುದಾದರೂ ಇನ್ನೂ ಜೀವಂತ ಇದೆಯಾ ನೋಡಿ. ಅದರ ಹಳೇ ಲಾಗ್‌ಗಳಿಗೆ ಹೋಗಿ. ಜನ ಒಂದೇ ದಿನ ಸುತ್ತಮುತ್ತಲಿನ ನಾಲ್ಕೈದು ಹುಡುಕುತ್ತಾರೆ, ಲಾಗ್‌ನಲ್ಲಿ ಅದನ್ನೆಲ್ಲ ಬರೆದೂ ಇರುತ್ತಾರೆ. ಅಲ್ಲಿ ಓಡಾಡಿದ ಟ್ರಾವೆಲ್ ಬಗ್ (ಡಬ್ಬಿಯಿಂದ ಡಬ್ಬಿಗೆ ಸಾಗಿಸುವ, ನಂಬರ್ ಇರುವ ಬಿಲ್ಲೆ) ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಪುಟದಲ್ಲಿ ಹೋದ ಬಂದ ಕ್ಯಾಶ್‌ಗಳ ಹೆಸರೆಲ್ಲ ಇರುತ್ತದೆ, ಆರ್ಕೈವ್ ಆದದ್ದೂ ಸೇರಿ. ನನಗೆ ಜಾಸ್ತಿ ಸಲ ಕೈಹಿಡಿದದ್ದು ಇದೇ.

ಹಳೇಜಾಡು:
ಸಿಕ್ಕಿತು! ಇಟ್ರೆಕ್ಸ್‌ನ ಬ್ಯಾಟರಿ ಜಾಗವೆಲ್ಲ ಹಸಿರುಗಟ್ಟಿತ್ತು, ಒರೆಸಿ ಹೊಸ ಸೆಲ್ ಹಾಕಿದೆ. ಪಟ್ಟಿಯಲ್ಲಿ ಕೋಡ್ ಇತ್ತು. ಅಣ್ಣ ಎಸ್ ಥರ ಗೀಚಿದ್ದು 5. ಪುಟದ ಮೇಲೆ ಆರ್ಕೈವ್ ಆಗಿದೆ ಅಂತ ಸೂಚನೆ ಇದೆ, ಕೆಳಗೆ ಅಣ್ಣನ ಲಾಗ್ ಹಾಗೇ ಇದೆ. ಅದರಿಂದ ಅವನ ಖಾತೆಯ ಹೆಸರೂ ಗೊತ್ತಾಯಿತು. ‘ತಂಗಿಗೆ ಮೊದಲು ಕಂಡಿತು, ನನಗಲ್ಲ’ ಅಂತ ಬರೆದಿದ್ದಾನೆ, ಮಹಾಶಯ! ಈಗ ನಾನು ನನ್ನ ಖಾತೆಯಿಂದ ಲಾಗ್ ಹಾಕಬಹುದಾ? ಡಬ್ಬಿ ಅಲ್ಲೇ ಇರಬಹುದಾ?

ದಾರಿಹೋಕ:
ಡಬ್ಬಿಯೊಳಗಿನ ಪುಸ್ತಕದಲ್ಲಿ ನಿಮ್ಮ ಹೆಸರೂ ಬರೆದಿದ್ರಾ? ಬರೆದಿದ್ದರೆ ಧಾರಾಳವಾಗಿ ಹಾಕಿ. ಪುಟವನ್ನು ಲಾಕ್ ಮಾಡಿರದಿದ್ದರೆ ಆರ್ಕೈವ್ ಆದದ್ದಕ್ಕೂ ಲಾಗ್ ಹಾಕಬಹುದು. ದಿನಾಂಕ ಮಾತ್ರ ಇವತ್ತಿನದು ಬೇಡ, ಅಣ್ಣನ ಲಾಗ್ ನೋಡಿ ಅದನ್ನೇ ಹಾಕಿ.

ಡಬ್ಬಿ ಇದೆಯೋ ಇಲ್ಲವೋ ತಿಳಿಯಲು ಕೊನೆಯ ಲಾಗ್‌ಗಳನ್ನು ಓದಿ. ಇಟ್ಟವರೇ ‘ತೆಗೆದುಕೊಂಡು ಬಂದೆ’ ಅಂತ ಬರೆದಿದ್ದರೆ ಮುಗಿಯಿತು. ಅವರು ಉತ್ತರ ಕೊಡಲಿಲ್ಲ ಅಂತ ರಿವ್ಯೂವರ್ (ಸೈಟ್ ಪರವಾಗಿ ಕ್ಯಾಶ್ ಪರಿಶೀಲಿಸುವವರು) ಆರ್ಕೈವ್ ಮಾಡಿದ್ದರೆ, ಡಬ್ಬಿ ಅಲ್ಲೇ ಬಿದ್ದಿರಲೂಬಹುದು. ಮ್ಯಾಪ್‌ನಲ್ಲಿ ಆ ಜಾಗ ಖಾಲಿ ಅಂದ್ರಲ್ಲ, ಬೇಕಾದರೆ ನೀವೇ ಹೊಸದೊಂದು ಇಡಬಹುದು. ಬೇರೆ ಕ್ಯಾಶ್‌ಗಳಿಂದ 161 ಮೀಟರ್ ದೂರ ಇರಬೇಕು. ಮಲ್ಟಿ (ಹಲವು ಹಂತದ), ಮಿಸ್ಟರಿ (ಒಗಟಿನ) ಕ್ಯಾಶ್‌ಗಳ ಕೊನೆಯ ಜಾಗ ಮ್ಯಾಪ್‌ನಲ್ಲಿ ಕಾಣುವುದಿಲ್ಲ, ಅದಕ್ಕೆ ರಿವ್ಯೂವರ್‌ಗೆ ಮೊದಲೇ ಒಂದು ಮಾತು ಕೇಳಿಬಿಡಿ.

ಹಳೇಜಾಡು:
ಪುಸ್ತಕದಲ್ಲಿ ಇಬ್ಬರ ಹೆಸರೂ ಇತ್ತು. ಹಾಕುತ್ತೇನೆ. ಯಾರಿಗೆ ಮೊದಲು ಕಂಡಿತು ಅನ್ನುವುದನ್ನೂ ಸ್ಪಷ್ಟವಾಗಿ ಬರೆಯುತ್ತೇನೆ.