ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಿಮ್ಯುಲೇಷನ್ ತಂತ್ರಾಂಶದ ಹೊಸ ಆವೃತ್ತಿ: ಕೊಂಡವರು ಅನುಭವ ತಿಳಿಸಿ

ಪ್ರಶ್ನೆ (ಮೈಸೂರು): ನಮ್ಮದು ನಾಲ್ಕು ಜನರ ಸಲಹಾ ಕಚೇರಿ. ಒಂಬತ್ತು ವರ್ಷದ ಹಿಂದೆ ಕೊಂಡ ತಂತ್ರಾಂಶದಲ್ಲೇ ಇನ್ನೂ ಕೆಲಸ ನಡೆಸುತ್ತಿದ್ದೇವೆ. ಹೊಸ ಆವೃತ್ತಿಯಲ್ಲಿ ಎರಡು ಹಂತದ ನೈಟ್ರೀಕರಣ (ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು), ಪಿಎಚ್ ಲೆಕ್ಕ, ನೈಟ್ರಸ್ ಆಕ್ಸೈಡ್ ಅಂದಾಜು, ಸ್ಕಾಡಾ (ಯಂತ್ರಗಳನ್ನು ಕಂಪ್ಯೂಟರಿನಿಂದ ನೋಡಿಕೊಳ್ಳುವ ವ್ಯವಸ್ಥೆ) ಜೋಡಣೆ ಎಲ್ಲವೂ ಬಂದಿವೆ. ಆದರೆ ಪರವಾನಗಿ ಈಗ ವರ್ಷದ ಬಾಡಿಗೆಗೆ ತಿರುಗಿದೆ. ಕೈಯಲ್ಲಿರುವುದು 6 ಎಂಎಲ್‌ಡಿಯ (ದಿನಕ್ಕೆ 60 ಲಕ್ಷ ಲೀಟರಿನ) ಎಸ್‌ಬಿಆರ್ ಘಟಕ, ಅಂದರೆ ಒಂದೇ ತೊಟ್ಟಿಯನ್ನು ಸುತ್ತು ಸುತ್ತಾಗಿ ತುಂಬಿ, ಗಾಳಿ ಬಿಟ್ಟು, ತಿಳಿಯಾಗಿಸಿ, ಖಾಲಿ ಮಾಡುವಂಥದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) 2019ರ ಆದೇಶದಂತೆ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರದ ಹಾಗೆ ವಿನ್ಯಾಸ ಮಾಡಬೇಕಾಗಿದೆ.

ಹುಬ್ಬಳ್ಳಿ: ನಾನು ಕೊಂಡೆ, ಆ ಸಂಕಟ ಇನ್ನೂ ಆರಿಲ್ಲ. ನಡುವೆ ಮೂರು ವರ್ಷ ನಿರ್ವಹಣಾ ಶುಲ್ಕ ಕಟ್ಟಿರಲಿಲ್ಲವೆಂದು ಬಾಕಿಯೇ 2,70,000, ಮೊದಲ ವರ್ಷದ ಬಾಡಿಗೆ 3,40,000, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 7,19,800 ರೂಪಾಯಿ ಕೈಬಿಟ್ಟುಹೋಯಿತು. ಹಣದ ಮಾತು ಹಾಗಿರಲಿ. ಹಳೆಯ ಫೈಲನ್ನು ಹೊಸದರಲ್ಲಿ ತೆರೆದ ದಿನವೇ ಹೊರಹೋಗುವ ನೀರಿನ ಅಮೋನಿಯಾ ಲೀಟರಿಗೆ 0.9 ಮಿಲಿಗ್ರಾಂನಿಂದ 3.8ಕ್ಕೆ ಏರಿ, ಎಂದೂ ಕಾಣದಿದ್ದ ನೈಟ್ರೈಟ್ 1.3 ಎಂದು ತೋರಿಸಿತು. ಒಳಬರುವ ನೀರು ಅದೇ, ತೊಟ್ಟಿ ಅದೇ, ಬ್ಲೋವರ್ ಅದೇ. ಹಳೆಯದು ಅಮೋನಿಯಾವನ್ನು ಒಂದೇ ನೆಗೆತಕ್ಕೆ ನೈಟ್ರೇಟ್ ಮಾಡುತ್ತಿತ್ತು. ಹೊಸದು ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಬೇರೆ ಆಮ್ಲಜನಕ ಸ್ಥಿರಾಂಕ (ಆಮ್ಲಜನಕ ಎಷ್ಟಕ್ಕೆ ಇಳಿದರೆ ಅವುಗಳ ಕೆಲಸ ನಿಧಾನವಾಗುತ್ತದೆ ಎಂಬ ಅಂಕಿ) ಇಟ್ಟಿದೆ. ನನ್ನ ಘಟಕದಲ್ಲಿ ಗಾಳಿ ಬಿಡುವ ಹೊತ್ತಿನಲ್ಲೂ ಕರಗಿದ ಆಮ್ಲಜನಕ 0.6ರಿಂದ 0.8 ಮಾತ್ರ ಇರುವುದರಿಂದ ಆ ಸ್ಥಿರಾಂಕವೇ ಇಡೀ ಉತ್ತರವನ್ನು ಬದಲಿಸಿತು. ಇಷ್ಟನ್ನು ಪತ್ತೆ ಹಚ್ಚಲು 19 ದಿನ ಹಿಡಿಯಿತು. ಅಷ್ಟರಲ್ಲಿ ಹಳೆಯ ಅಂಕಿಗಳ ವರದಿ ಸಲ್ಲಿಕೆಯಾಗಿತ್ತು. ಕಾರ್ಯಪಾಲಕ ಎಂಜಿನಿಯರರು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ‘ಇದರಲ್ಲಿ ಯಾವುದು ನಿಜ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಜಯನಗರ: ಬಾಡಿಗೆ ಏಕೆ ಕಟ್ಟುತ್ತೀರೋ ನನಗೆ ಅರ್ಥವಾಗುವುದಿಲ್ಲ. ಪೈಥಾನ್‌ನಲ್ಲಿ ಮುಕ್ತವಾಗಿ ಸಿಗುವ ಇಂಥದೇ ತಂತ್ರಾಂಶ ಕ್ಯೂಎಸ್‌ಡಿಸ್ಯಾನ್ ಹಿಡಿದು ಎರಡು ವರ್ಷವಾಯಿತು, ಒಂದು ರೂಪಾಯಿ ಕೊಟ್ಟಿಲ್ಲ. ಕೊಳಚೆ ಶುದ್ಧೀಕರಣದ ಗಣಿತ ಮಾದರಿಯಾದ 1987ರ ಎಎಸ್‌ಎಂ1ರಲ್ಲಿ ಇರುವುದು 8 ಪ್ರಕ್ರಿಯೆ, 13 ಘಟಕಾಂಶ. ಇಡೀ ಮ್ಯಾಟ್ರಿಕ್ಸ್ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ನಾನು ಅದನ್ನು ಮೊದಲು ಕೈಯಾರೆ ಬರೆದೆ. ಐದು ತಿಂಗಳ ಸಂಜೆಗಳು ಅದಕ್ಕೇ ಹೋದವು. ಎಸ್‌ಬಿಆರ್ ತೊಟ್ಟಿಯಲ್ಲಿ ನೀರಿನ ಮಟ್ಟ ಏರಿಳಿಯುತ್ತದೆ ಎಂಬುದನ್ನು ಮರೆತು ಗಾತ್ರವನ್ನು ಸ್ಥಿರವಾಗಿಟ್ಟಿದ್ದರಿಂದ, ಪ್ರತಿ ಸುತ್ತಿಗೂ ಶೇ. 4ರಷ್ಟು ಸಾರಜನಕ ಲೆಕ್ಕಕ್ಕೆ ಸಿಗದೆ ಮಾಯವಾಗುತ್ತಿತ್ತು; ಆ ತಪ್ಪು ಹಿಡಿದ ರಾತ್ರಿ ನನಗಾದ ಸಮಾಧಾನ ಯಾವ ಪರವಾನಗಿಯಿಂದಲೂ ಬರುವಂಥದ್ದಲ್ಲ. ಹುಬ್ಬಳ್ಳಿಯವರು ಸ್ಥಿರಾಂಕಗಳನ್ನು ನೋಡದೆ ಫೈಲ್ ತೆರೆದದ್ದು ಅವರದೇ ತಪ್ಪು. ಇನ್‌ಪುಟ್ ಕ್ರೆಡಿಟ್ ಆಗಿ (ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಆಗಿ) ಮರಳುವ ಜಿಎಸ್‌ಟಿಯನ್ನೂ ನಷ್ಟಕ್ಕೆ ಸೇರಿಸಿಕೊಂಡಿದ್ದಾರೆ.

ಹುಬ್ಬಳ್ಳಿ: ತಿಳಿಯದ ವಿಷಯದಲ್ಲಿ ತೀರ್ಪು ಕೊಡಬೇಡಿ. ನನ್ನ ಕೆಲಸವೆಲ್ಲ ಪುರಸಭೆಗಳಿಗೆ ಕೊಡುವ ಶುದ್ಧ ಸೇವೆ (ಸರಕು ಪೂರೈಕೆ ಇಲ್ಲದ ಬರೀ ಸೇವೆ), ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ವಿನಾಯಿತಿ ಇರುವಲ್ಲಿ ಕ್ರೆಡಿಟ್ ಎಲ್ಲಿಂದ ಬರಬೇಕು? ನಿಮ್ಮ ಐದು ತಿಂಗಳ ಸಂಜೆಗಳಿಗೆ ಬೆಲೆ ಇಲ್ಲವೆಂದಾದರೆ ಅದು ನಿಮ್ಮ ಭಾಗ್ಯ. ನನ್ನ ಕಚೇರಿಯಲ್ಲಿ ಆ ಐದು ತಿಂಗಳಿಗೆ ಇಬ್ಬರ ಸಂಬಳ ಕೊಡಬೇಕು.

ಮಂಗಳೂರು: ನನಗೆ ಹೊಸ ಆವೃತ್ತಿ ಬದುಕು ಕೊಟ್ಟಿದೆ, ಅದನ್ನು ಹೇಳಲೇಬೇಕು. ನಾನು ನೋಡಿಕೊಳ್ಳುವುದು 1.2 ಎಂಎಲ್‌ಡಿಯ ಘಟಕ. ನಮ್ಮ ಕಡೆಯ ನದಿ ನೀರು ಬಹಳ ಮೃದು. ಕೊಳಚೆಯ ಕ್ಷಾರೀಯತೆ (ಆಮ್ಲವನ್ನು ತಡೆದು ಪಿಎಚ್ ಇಳಿಯದಂತೆ ಕಾಯುವ ಗುಣ) ಲೀಟರಿಗೆ 190 ಮಿಲಿಗ್ರಾಂ ಮಾತ್ರ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಗ್ರಾಂ ಕ್ಷಾರೀಯತೆ ಬೇಕು. 35 ಮಿಲಿಗ್ರಾಂಗೆ 250 ಆಯಿತು. ಪಿಎಚ್ ಲೆಕ್ಕವಿಲ್ಲದ ಹಳೆಯ ಆವೃತ್ತಿ ಅಮೋನಿಯಾ 1 ಎಂದು ತೋರಿಸುತ್ತಲೇ ಇತ್ತು, ಆದರೆ ತೊಟ್ಟಿಯಲ್ಲಿ ಪಿಎಚ್ 6.2ಕ್ಕೆ ಇಳಿದು ನೈಟ್ರೀಕರಣ ನಿಂತೇಹೋಯಿತು. ದಿನಕ್ಕೆ 25 ಕಿಲೋದ ಸೋಡಿಯಂ ಬೈಕಾರ್ಬೊನೇಟ್ ಮೂಟೆ ಎಂಟಕ್ಕೂ ಮಿಕ್ಕಿ ಸುರಿಯಬೇಕಾಯಿತು. ಮಳೆಗಾಲದಲ್ಲಿ ಆ ಮೂಟೆಗಳು ಗೋದಾಮಿನಲ್ಲೇ ಕಲ್ಲಾಗಿ, ಹುಡುಗರು ಸುತ್ತಿಗೆಯಿಂದ ಒಡೆದು ಹಾಕುತ್ತಿದ್ದರು. ಗಾಳಿ ನಿಲ್ಲಿಸಿ ಬರೀ ಕಲಕುವ ಅವಧಿಯನ್ನು ಹೆಚ್ಚಿಸಿ, ಡೀನೈಟ್ರೀಕರಣವನ್ನು (ನೈಟ್ರೇಟ್ ಸಾರಜನಕ ಅನಿಲವಾಗಿ ಹೋಗುವುದನ್ನು) 10ರಿಂದ 25 ಮಿಲಿಗ್ರಾಂಗೆ ಏರಿಸಿದರೆ ಪ್ರತಿ ಗ್ರಾಂಗೆ 3.57ರಂತೆ ಕ್ಷಾರೀಯತೆ ಮರಳುತ್ತದೆ ಎಂದು ಹೊಸ ಆವೃತ್ತಿ ತೋರಿಸಿಕೊಟ್ಟಿತು. ಮೂಟೆ ನಾಲ್ಕಕ್ಕೆ ಇಳಿದಿವೆ.

ಜಯನಗರ: ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು, ತಂತ್ರಾಂಶ ಬೇಕಿಲ್ಲ.

ಮಂಗಳೂರು: ಕ್ಯಾಲ್ಕುಲೇಟರ್ ಅವಧಿಯನ್ನು ಹೇಳುವುದಿಲ್ಲ ಸರ್. ಎಷ್ಟು ನಿಮಿಷ ಗಾಳಿ ನಿಲ್ಲಿಸಿದರೆ ಅಮೋನಿಯಾ ಉಳಿದುಬಿಡುತ್ತದೆ ಎಂಬುದನ್ನು ನಾನು 31 ಬಾರಿ ಓಡಿಸಿ ನೋಡಿದ್ದೇನೆ. ಒಳಬರುವ ಸಿಒಡಿಯಲ್ಲಿ (ನೀರಿನ ಕೊಳೆಯನ್ನು ಅಳೆಯುವ ಲೆಕ್ಕದಲ್ಲಿ) ಸುಲಭವಾಗಿ ಕೊಳೆಯುವ ಭಾಗ ಎಷ್ಟೆಂದು ತಿಳಿಯಲು ಸತು ಸಲ್ಫೇಟ್ ಹಾಕಿ, ಪಿಎಚ್ 10.5ಕ್ಕೆ ತಂದು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಏಳು ದಿನ ಎರಡೆರಡು ಗಂಟೆಗೊಮ್ಮೆ 84 ಮಾದರಿ ತೆಗೆಸಿದೆ. ನೀವು ಎಷ್ಟು ತೆಗೆದಿರಿ?

ಜಯನಗರ: ನಾನು ಪ್ರಕಟಿತ ಮೌಲ್ಯಗಳನ್ನು ಬಳಸಿದೆ. ಅದನ್ನು ಮುಚ್ಚಿಟ್ಟಿಲ್ಲ.

ನೆದರ್ಲೆಂಡ್ಸ್: ಹುಬ್ಬಳ್ಳಿಯವರು ಆ 1.3 ನೈಟ್ರೈಟನ್ನು ತಂತ್ರಾಂಶದ ದೋಷವೆಂದು ತಳ್ಳಿಹಾಕಬಾರದು. ಆಮ್ಲಜನಕ ಕಡಿಮೆಯಾಗಿ ನೈಟ್ರೈಟ್ ನಿಲ್ಲುವ ಕಡೆಯಲ್ಲೇ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯ ತಾಪ ಏರಿಸುವ ಶಕ್ತಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಇಲ್ಲಿ ನನ್ನ ಕೆಲಸದ ಅರ್ಧ ಭಾಗ ಈಗ ಅದೇ ಆಗಿದೆ.

ಹುಬ್ಬಳ್ಳಿ: ದೋಷವೆಂದು ನಾನು ಹೇಳಲೇ ಇಲ್ಲ. ಹೇಳದೆ ಬದಲಿಸಿದರು ಎಂಬುದು ನನ್ನ ದೂರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ನಮಗೆ ಕೊಟ್ಟ ಪ್ರಯೋಗಾಲಯ ವರದಿಯಲ್ಲಿ ಪಿಎಚ್, ಬಿಒಡಿ, ಸಿಒಡಿ, ಟಿಎಸ್‌ಎಸ್ ಅಷ್ಟೇ ಇವೆ. ಕ್ಷಾರೀಯತೆಯ ಕಾಲಮ್ಮೇ ಇಲ್ಲ.

ಮಂಗಳೂರು: ಹಾಗಾದರೆ ಈ ತಿಂಗಳು ಏನನ್ನೂ ಕೊಳ್ಳಬೇಡಿ, ಮೊದಲು ಅದನ್ನು ಅಳೆಸಿ.

ಹುಬ್ಬಳ್ಳಿ: ಹಳೆಯ ಫೈಲಿನ ಸ್ಥಿರಾಂಕಗಳನ್ನೆಲ್ಲ ಇವತ್ತೇ ಪ್ರಿಂಟ್ ತೆಗೆದಿಡಿ. ನಾನು ತೆಗೆದಿಟ್ಟಿರಲಿಲ್ಲ.