ಸೊಂಟದ ಕೀಲು ಬದಲಾಯಿಸಿದ ಮೇಲೆ ನಡಿಗೆ ಒಂದೇ ಸಾಕಾ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ನಮಸ್ಕಾರ ಡಾಕ್ಟ್ರೇ. ನಮ್ಮ ಆಯಿಗೆ 64 ವರ್ಷ. ಎಡ ಸೊಂಟದ ಕೀಲು ಸವೆದು ಹೋಗಿತ್ತು. ಮೂರು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಹಿಂದಿನಿಂದ ಕೊಯ್ದು ಮಾಡಿದ್ದು ಅಂತ ಡಿಸ್ಚಾರ್ಜ್ ಚೀಟಿಯಲ್ಲಿದೆ. ಈಗ ನೋವಿಲ್ಲ, ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡೆಯುತ್ತಾರೆ. ಆದರೆ ಕುಂಟೋದು ಹೋಗಿಲ್ಲ. ಕೋಲು ಬಿಟ್ಟರೆ ಮೈ ಎಡಕ್ಕೆ ವಾಲುತ್ತದೆ, ಸಂಜೆಗೆ ಇನ್ನೂ ಜಾಸ್ತಿ. ನೆಂಟರೆಲ್ಲ ‘ನಡೀತಾ ಇರಿ, ತನ್ನಿಂದ ತಾನೇ ಸರಿ ಆಗ್ತದೆ, ಕಾಲಿಗೆ ತೂಕ ಕಟ್ಟೋದೆಲ್ಲ ಬೇಡ, ಬಾಲ್ ಕಳಚಿ ಹೋಗ್ತದೆ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ:
ತಂಗೀ, ಒಳ್ಳೆ ಸಮಯಕ್ಕೆ ಕೇಳಿದ್ದೀರಿ. ನೋವು ಹೋದ ಕೂಡಲೇ ಎಲ್ಲ ಮುಗಿಯಿತು ಅಂತ ವ್ಯಾಯಾಮ ಬಿಟ್ಟುಬಿಡುವವರೇ ಜಾಸ್ತಿ. ಕೀಲು ಹೊಸದು, ಸ್ನಾಯು ಹಳೆಯದೇ ಅಲ್ವಾ? ಆಪರೇಶನ್‌ಗೆ ಮೊದಲು ವರ್ಷಗಟ್ಟಲೆ ನೋವಿಗೆ ಹೆದರಿ ಆ ಕಾಲಿನ ಮೇಲೆ ಭಾರ ಹಾಕದೆ ನಡೆದಿರುತ್ತಾರೆ. ಸ್ನಾಯು ಸೊರಗಿರುತ್ತದೆ. ಆಪರೇಶನ್ನಿನಲ್ಲಿ ಕೆಲವು ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲಿಯಬೇಕಾಗುತ್ತದೆ. ಅದೂ ಸೇರಿಕೊಂಡಿರುತ್ತದೆ.

ನೀವು ಹೇಳಿದ ವಾಲುವಿಕೆಗೆ ಹೆಚ್ಚಾಗಿ ಕಾರಣ ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಎಡಗಾಲಿನ ಮೇಲೆ ನಿಂತಾಗ ಬಲಬದಿಯ ಸೊಂಟ ಕೆಳಗೆ ಜಾರದ ಹಾಗೆ ಹಿಡಿದಿಡುವುದು ಅದರ ಕೆಲಸ. ಮನೆಯಲ್ಲೇ ನೋಡಬಹುದು. ಆಯಿಯನ್ನು ಕಿಟಕಿ ಸರಳು ಹಿಡಿಸಿ ನಿಲ್ಲಿಸಿ. ನೀವು ಹಿಂದೆ ಕೂತು, ಸೀರೆಯ ಮೇಲಿಂದಲೇ ಎರಡೂ ಕಡೆಯ ಸೊಂಟದ ಮೂಳೆಯ ಮೇಲೆ ಒಂದೊಂದು ಅಂಗೈ ಇಡಿ. ಬಲಗಾಲು ಸ್ವಲ್ಪ ಎತ್ತಲು ಹೇಳಿ. ನಿಮ್ಮ ಬಲಗೈ ಕೆಳಗಿಳಿದರೆ, ಅಥವಾ ಆಯಿಯ ಭುಜ ಎಡಕ್ಕೆ ವಾಲಿದರೆ, ಆ ಸ್ನಾಯುವಿಗೆ ಇನ್ನೂ ಬಲ ಬಂದಿಲ್ಲ. ಕಾಲಿನ ಉದ್ದದಲ್ಲಿ ವ್ಯತ್ಯಾಸ ಇದ್ದರೂ ಕುಂಟು ಬರುತ್ತದೆ. ಮುಂದಿನ ಚೆಕಪ್ಪಿನಲ್ಲಿ ಅದನ್ನೂ ಅಳೆಸಿ.

ಬರೀ ನಡಿಗೆಯಿಂದ ಇದು ಸರಿಯಾಗುವುದು ಕಷ್ಟ. ವಾಲಿಕೊಂಡು ನಡೆದಾಗ ಆ ಸ್ನಾಯುವಿನ ಕೆಲಸ ತಪ್ಪಿಹೋಗುತ್ತದೆ. ದಿನಕ್ಕೆ ಎರಡು ಸಲ ನಡೆದರೂ ವಾಲುವುದೇ ಅಭ್ಯಾಸವಾಗುತ್ತದೆ. ಹಾಗಾಗಿ ಸದ್ಯಕ್ಕೆ ಕೋಲು ಬಿಡಿಸಬೇಡಿ, ಬಲಗೈಯಲ್ಲಿ ಕೊಡಿ. ಆಪರೇಶನ್ ಆದ ಕಾಲಿನ ಕಡೆಯ ಕೈಯಲ್ಲೇ ಕೋಲು ಹಿಡಿಯುವವರನ್ನು ತುಂಬಾ ನೋಡುತ್ತೇನೆ. ಅದು ತಪ್ಪು.

ಇನ್ನು ಬಾಲ್ ಕಳಚುವ ಹೆದರಿಕೆ. ಸುಮ್ನೆ ನಡೆಯುವಾಗಲೇ ಸೊಂಟದ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದೆ. ಅದನ್ನು ತಡೆಯುವ ಕೀಲಿಗೆ ಅರ್ಧ ಕೆಜಿ ತೂಕ ದೊಡ್ಡದಲ್ಲ. ಕೀಲು ಕಳಚುವುದು ಹೆಚ್ಚಾಗಿ ತಪ್ಪು ಭಂಗಿಯಿಂದ. ಹಿಂದಿನಿಂದ ಕೊಯ್ದು ಮಾಡಿದ್ದರೆ ಮೂರು ವಿಷಯಕ್ಕೆ ಹೆದರಬೇಕು: ಸೊಂಟಕ್ಕಿಂತ ಮೇಲೆ ಮೊಣಕಾಲು ಬರುವ ಹಾಗೆ ಬಗ್ಗುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಮುಖವಾಗಿ ತಿರುಚುವುದು. ಇವು ಒಟ್ಟಿಗೆ ಆದರೆ ಅಪಾಯ ಇನ್ನೂ ಜಾಸ್ತಿ.

ನಿಮ್ಮ ಸರ್ಜನ್‌ಗೆ ಒಂದು ಫೋನ್ ಮಾಡಿ, ‘ತೂಕ ಇಟ್ಟು ವ್ಯಾಯಾಮ ಶುರು ಮಾಡಬಹುದಾ’ ಅಂತ ಕೇಳಿ. ಒಪ್ಪಿದರೆ ಹೀಗೆ. ಮೊದಲು ಕಿಟಕಿ ಸರಳು ಹಿಡಿದು ಎಡಗಾಲನ್ನು ಪಕ್ಕಕ್ಕೆ ಎತ್ತುವುದು. ಬೆರಳು ಮುಂದಕ್ಕೇ ಇರಬೇಕು, ಮೈ ವಾಲಬಾರದು. ಒಂದು ಗೇಣು ಎತ್ತಿದರೆ ಸಾಕು, ಇಳಿಸುವುದು ನಿಧಾನ. ಆಮೇಲೆ ಅದೇ ರೀತಿ ಬಲಗಾಲು ಎತ್ತುವುದು. ನಿಂತ ಎಡಗಾಲಿಗೆ ಅಲ್ಲೇ ಹೆಚ್ಚು ಕೆಲಸ. ಎರಡನೆಯದು, ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ದಿಂಬು ಹಾಕಿ ಎತ್ತರ ಮಾಡಿ, ಕೂತು ಏಳುವುದು. ಏಳುವಾಗ ಎರಡೂ ಪಾದಕ್ಕೆ ಸಮ ಭಾರ ಬೀಳುತ್ತಿದೆಯಾ ನೋಡಿ. ಒಳ್ಳೆ ಕಾಲಿನ ಮೇಲೇ ಏಳುವ ಚಾಳಿ ಎಲ್ಲರಿಗೂ ಇರುತ್ತದೆ. ಮಂಚದ ಮೇಲೆ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದೂ ಒಳ್ಳೆಯದು. ಜಗಲಿಯ ಕೆಳಗಿನ ಮೆಟ್ಟಿಲನ್ನು ಎಡಗಾಲು ಮೊದಲಿಟ್ಟು ಹತ್ತುವ ಅಭ್ಯಾಸ ಕೊನೆಗೆ, ಪಕ್ಕದಲ್ಲಿ ನೀವು ನಿಂತುಕೊಂಡು. ಅಲ್ಲಿಯವರೆಗೆ ಮಾಮೂಲಿ ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು.

ಒಂದೊಂದನ್ನೂ 8ರಿಂದ 12 ಸಲ, ಸ್ವಲ್ಪ ಬಿಟ್ಟು ಮತ್ತೊಮ್ಮೆ. ದಿನ ಬಿಟ್ಟು ದಿನ ಮಾಡಿದರೆ ಸಾಕು. ಕೊನೆಯ ಎರಡು ಮೂರು ಸಲ ಕಷ್ಟ ಅನಿಸಬೇಕು. ಹನ್ನೆರಡೂ ಸಲೀಸಾದಾಗ ಹಳೇ ಕಾಲುಚೀಲದಲ್ಲಿ ಅರ್ಧ ಕೆಜಿ ಅಕ್ಕಿ ತುಂಬಿ ಪಾದದ ಗಂಟಿನ ಮೇಲೆ ಕಟ್ಟಿ. ಅದೂ ಸಲೀಸಾದರೆ ಇನ್ನು ಸ್ವಲ್ಪ. ತೂಕ ಹೆಚ್ಚಿಸದೆ ಅದನ್ನೇ ವರ್ಷಗಟ್ಟಲೆ ಮಾಡಿದರೆ ಬಲ ಅಲ್ಲಿಗೇ ನಿಲ್ಲುತ್ತದೆ.

ಅವರದೇ ಮರುಪ್ರಶ್ನೆ:
ತುಂಬಾ ಉಪಕಾರ ಆಯ್ತು. ಇನ್ನೊಂದು. ಅಡಿಕೆ ಸುಲಿಯುವ ಕಾಲ ಬಂತು. ಆಯಿಗೆ ಮೆಟ್ಟುಗತ್ತಿ ಮುಂದೆ ಕೂರದಿದ್ದರೆ ಸಮಾಧಾನ ಇಲ್ಲ. ನೆಲದಲ್ಲಿ ಕೂರಬಹುದಾ?

ಉತ್ತರ:
ಈ ವರ್ಷ ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಮಣೆ ಮೇಲೆ ಕೂತು ಮೆಟ್ಟುಗತ್ತಿಯ ಕಡೆ ಬಾಗುವಾಗ ಸೊಂಟ ಪೂರ್ತಿ ಮಡಚುತ್ತದೆ. ಏಳುವಾಗ ಕಾಲು ತಿರುಚುತ್ತದೆ. ಮೇಲೆ ಹೇಳಿದ ಅಪಾಯದ ಭಂಗಿ ಇದೇ. ಮೆಟ್ಟುಗತ್ತಿಯನ್ನೇ ಗಟ್ಟಿ ಹಲಗೆಗೆ ಕೂರಿಸಿ, ಆಯಿ ಕುರ್ಚಿಯಲ್ಲಿ ಕೂತು ಸುಲಿಯುವ ಹಾಗೆ ಎತ್ತರ ಮಾಡಿಕೊಡಿ. ಅದು ಆಗದಿದ್ದರೆ ಸುಲಿದದ್ದನ್ನು ಆರಿಸುವ ಕೆಲಸ ಕೊಡಿ, ಮೇಜಿನ ಮೇಲೆ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಿಸಿ. ಅವರಿಗೆ ಕೆಲಸ ಬೇಕು, ಅದು ನನಗೂ ಅರ್ಥವಾಗುತ್ತದೆ. ಸುಮ್ನೆ ಕೂರಿಸಿಟ್ಟರೆ ಮನಸ್ಸೂ ಸೊರಗುತ್ತದೆ.

ಪ್ರಶ್ನೆ (ಕಾರವಾರ):
ಸರ್, ನನಗೆ 46. ಎವಿಎನ್ (ರಕ್ತ ಸಿಗದೆ ಕೀಲಿನ ಮೂಳೆ ಸಾಯುವ ಕಾಯಿಲೆ) ಆಗಿ ಬಲ ಸೊಂಟದ ಕೀಲು ಬದಲಾಯಿಸಿ ಐದು ತಿಂಗಳು. ಬೋಟಿನಲ್ಲಿ ಕೆಲಸ ನನ್ನದು. ಸರ್ಜನ್ ಜಿಮ್‌ಗೆ ಹೋಗಬಹುದು ಅಂದಿದ್ದಾರೆ. ಸಂಜೆ ಟ್ಯಾಗೋರ್ ಬೀಚಲ್ಲಿ ಮರಳಿನ ಮೇಲೆ ನಡೆಯುತ್ತೇನೆ. ಯಾವಾಗ ಬೋಟ್ ಹತ್ತಬಹುದು?

ಉತ್ತರ:
ಅಣ್ಣಾ, ಮರಳಿನ ನಡಿಗೆ ಸದ್ಯಕ್ಕೆ ಬಿಡಿ. ಒಣ ಮರಳಲ್ಲಿ ಪಾದ ಹೂತು ಕಾಲು ತಿರುಚುತ್ತದೆ. ನೀರಿನ ಅಂಚಿನ ಗಟ್ಟಿ ಮರಳು ಸಮುದ್ರದ ಕಡೆ ಇಳಿಜಾರು. ಹಾಗಾಗಿ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಇರುತ್ತದೆ, ಇದ್ದ ಕುಂಟು ಜಾಸ್ತಿ ಆಗುತ್ತದೆ. ಸಮತಟ್ಟು ರಸ್ತೆಯ ಬದಿಯಲ್ಲಿ ನಡೆಯಿರಿ.

ಜಿಮ್‌ನಲ್ಲಿ ಲೆಗ್ ಪ್ರೆಸ್ (ಕೂತು ಪಾದದಿಂದ ತೂಕ ತಳ್ಳುವ ಯಂತ್ರ) ಒಳ್ಳೆಯದು. ಮೊಣಕಾಲು ಎದೆಯ ಹತ್ತಿರ ಬರದ ಹಾಗೆ ಸೀಟು ಹಿಂದಕ್ಕೆ ಸರಿಸಿ, ಹಗುರ ತೂಕದಿಂದ ಶುರು ಮಾಡಿ. ಪೂರ್ತಿ ಕೆಳಗೆ ಕೂರುವ ಸ್ಕ್ವಾಟ್ ಬೇಡ. ಮೊಣಕಾಲಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುವುದು ನಿಮ್ಮ ಕೆಲಸಕ್ಕೆ ಬಹಳ ಮುಖ್ಯ. ಬೋಟ್ ಅಲುಗಾಡುವಾಗ ನಿಮ್ಮನ್ನು ಹಿಡಿಯುವುದು ಪಕ್ಕದ ಸ್ನಾಯುವೇ.

ಬೋಟ್ ಹತ್ತಲು ತಿಂಗಳ ಲೆಕ್ಕಕ್ಕಿಂತ ಬಲದ ಲೆಕ್ಕ ಮುಖ್ಯ. ಬಲಗಾಲಿನ ಮೇಲೊಂದೇ, ಏನೂ ಹಿಡಿಯದೆ, ವಾಲದೆ ನಿಲ್ಲಲು ಬರಬೇಕು. ಮೆಟ್ಟಿಲನ್ನು ಎರಡೂ ಕಾಲಿಂದ ಸಮವಾಗಿ ಹತ್ತಿ ಇಳಿಯಲು ಬರಬೇಕು. ಆಮೇಲೆ ಸರ್ಜನ್ ಒಪ್ಪಿಗೆ. ಬೈತಖೋಲದ ಧಕ್ಕೆಯಿಂದ ಬೋಟಿಗೆ ಹಾರುವುದು ಮಾತ್ರ ಇನ್ನು ಮೇಲೆ ಬೇಡ, ಹಲಗೆ ಇಟ್ಟು ಹೋಗಿ. ಎವಿಎನ್ ಎರಡೂ ಕಡೆ ಬರುವುದು ಸಾಮಾನ್ಯ. ಎಡ ತೊಡೆಸಂದಿಯಲ್ಲಿ ನೋವು ಶುರುವಾದರೆ ತಡ ಮಾಡದೆ ಎಮ್‌ಆರ್‌ಐ ಬಗ್ಗೆ ಕೇಳಿ. ಮದ್ಯದ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಎವಿಎನ್‌ಗೆ ಅದೂ ಒಂದು ದೊಡ್ಡ ಕಾರಣ.

ಪ್ರಶ್ನೆ (ಕುಮಟಾ):
ನಮ್ಮ ಮಾವನವರಿಗೆ 78. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಅರ್ಧ ಕೀಲು (ಬಾಲ್ ಮಾತ್ರ) ಹಾಕಿದ್ದಾರೆ. ಐದು ವಾರ ಆಯ್ತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿ ಮಲಗಿಬಿಡುತ್ತಾರೆ. ‘ಈ ವಯಸ್ಸಲ್ಲಿ ಎಂತ ವ್ಯಾಯಾಮ’ ಅಂತಾರೆ. ಊಟವೂ ಕಡಿಮೆ.

ಉತ್ತರ:
ಅಕ್ಕಾ, 90 ದಾಟಿದವರಲ್ಲೂ ತೂಕದ ವ್ಯಾಯಾಮದಿಂದ ಕಾಲಿನ ಬಲ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿದೆ. ಮಾವನವರಿಗೆ ಅದನ್ನು ಹೇಳಿ. ಮಲಗಿದಷ್ಟು ದಿನ ಸ್ನಾಯು ಕರಗುತ್ತಾ ಹೋಗುತ್ತದೆ, ಇನ್ನೊಮ್ಮೆ ಬೀಳುವ ಭಯ ನನಗೆ ಅಲ್ಲೇ ಇರುವುದು. ಅವರಿಗೆ ಸದ್ಯ ತೂಕ ಬೇಡ, ಅವರ ಮೈಯೇ ತೂಕ. ಪ್ರತಿ ಊಟದ ಮೊದಲು ಎತ್ತರದ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. ಬೇಕಾದರೆ ಕೈ ಊರಲಿ. ಮಲಗಿದಾಗ ಪಾದ ಮೇಲೆ ಕೆಳಗೆ ಆಡಿಸಲಿ.

ಊಟದಲ್ಲಿ ಪ್ರೋಟೀನ್ ಮುಖ್ಯ. ಗಂಜಿ ಉಪ್ಪಿನಕಾಯಿಯಿಂದ ಸ್ನಾಯು ಬೆಳೆಯುವುದಿಲ್ಲ. 60 ಕೆಜಿ ಇರುವವರಿಗೆ ಈ ಹೊತ್ತಲ್ಲಿ ದಿನಕ್ಕೆ 70 ಗ್ರಾಂ ಸುಮಾರು ಬೇಕು. ಮೀನು ತಿನ್ನುವವರಾದರೆ ಬಂಗಡೆ, ಇಲ್ಲವಾದರೆ ಹೆಸರುಕಾಳು, ಮೊಸರು, ಹಾಲು. ಒಂದೇ ಸಲಕ್ಕಲ್ಲ, ಮೂರು ನಾಲ್ಕು ಹೊತ್ತಿಗೆ ಹಂಚಿ ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ವ್ಯಾಯಾಮದ ಮರುದಿನ ಸ್ನಾಯು ಹಿಡಿದ ಹಾಗಿದ್ದರೆ ಹೆದರಬೇಡಿ. ಮೀನಖಂಡ ಊದಿ ನೋಯುವುದು, ಗಾಯದಿಂದ ನೀರು ಅಥವಾ ಕೀವು, ಜ್ವರ, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅಥವಾ ಜೋರು ನೋವು ಬಂದು ಕಾಲು ಗಿಡ್ಡವಾಗಿ ತಿರುಗಿದಂತೆ ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ಮೊದಲಿನ ಶಿರಸಿಯವರಿಂದ:
ಚೆಕಪ್ಪಿಗೆ ಹುಬ್ಬಳ್ಳಿಗೆ ಹೋಗಬೇಕು. ಬಸ್ಸಾ, ಕಾರಾ?

ಉತ್ತರ:
ಕಾರಿನಲ್ಲಿ ಮುಂದಿನ ಸೀಟು, ಹಿಂದಕ್ಕೆ ಸರಿಸಿ, ದಿಂಬು ಹಾಕಿ. ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಬೇಕು. ಗಂಟೆಗೊಮ್ಮೆ ಇಳಿಸಿ ಸ್ವಲ್ಪ ನಡೆಸಿ. ಕಾಲಿನ ಉದ್ದ ಅಳೆಸುವುದನ್ನು ಮರೆಯಬೇಡಿ. ಅಳತೆ ಇಲ್ಲಿ ಹಾಕಿ, ಮುಂದಿನ ವ್ಯಾಯಾಮ ಆಮೇಲೆ ಹೇಳುತ್ತೇನೆ.