ಇಂಜಿನ್ ಆಯಿಲ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ಇಂಜಿನ್ ಆಯಿಲ್. ನಮ್ಮ ಗುಂಪಿನ ಮೆಕ್ಯಾನಿಕ್ ಬಿಡುವು ಮಾಡಿಕೊಂಡು ಉತ್ತರ ಕೊಡುತ್ತಾರೆ. ಪೆಟ್ರೋಲಾ ಡೀಸೆಲ್ಲಾ, ಎಷ್ಟು ಓಡಿದೆ, ಕೊನೆಯ ಸಲ ಯಾವಾಗ ಬದಲಿಸಿದ್ದು ಅಂತ ಬರೆದು ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೊಸ ಕಾರು: ನಮಸ್ಕಾರ ಸರ್. ಪೆಟ್ರೋಲ್ ಟರ್ಬೊ ಕಾರು. ಮ್ಯಾನ್ಯುಯಲ್‌ನಲ್ಲಿ 5ಡಬ್ಲ್ಯು-30, ಎಪಿಐ ಎಸ್‌ಪಿ ಅಂತ ಇದೆ. ಅಂಗಡಿಯವರು 20ಡಬ್ಲ್ಯು-50 ದಪ್ಪ ಇರುತ್ತೆ, ಇಂಜಿನ್‌ಗೆ ಒಳ್ಳೆಯದು ಅಂತಾರೆ. ಯಾವುದು ಹಾಕಲಿ?

ಮೆಕ್ಯಾನಿಕ್: ನಮಸ್ಕಾರ. ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಹಾಕಿ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಅದು ಕಡಿಮೆ ಇದ್ದಷ್ಟೂ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮೇಲಿನವರೆಗೆ ತಲುಪುತ್ತದೆ. ಆಮೇಲಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ನಿಮ್ಮ ಇಂಜಿನ್‌ನ ಬೇರಿಂಗ್ ಸಂದು, ಪಂಪ್, ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಎಲ್ಲವೂ 30ರ ಲೆಕ್ಕದಲ್ಲೇ ಮಾಡಿದ್ದು. ದಪ್ಪ ಹಾಕಿದರೆ ರಕ್ಷಣೆ ಜಾಸ್ತಿ ಅನ್ನುವುದು ಹಳೇ ಕಾಲದ ಮಾತು.

ಎಸ್‌ಪಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ಗುಣಮಟ್ಟದ ದರ್ಜೆ. ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಸ್ಪಾರ್ಕ್ ಬರುವ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ, ಟೈಮಿಂಗ್ ಚೈನ್ ಸವೆತ, ಎರಡಕ್ಕೂ ಅದರಲ್ಲಿ ಪರೀಕ್ಷೆ ಇದೆ. 2010ರ ಎಸ್‌ಎನ್ ಕೇಳುವ ಗಾಡಿಗೆ ಎಸ್‌ಪಿ ಹಾಕಬಹುದು. ಉಲ್ಟಾ ಮಾಡಬೇಡಿ.

ಬೈಕ್ ಸವಾರ: ಅಣ್ಣಾ, ಅಪ್ಪನ ಕಾರಿಗೆ ತಂದ ಆಯಿಲ್ ಒಂದು ಲೀಟರ್ ಉಳಿದಿತ್ತು. ಸುಮ್ನೆ ವೇಸ್ಟ್ ಯಾಕೆ ಅಂತ ಬೈಕ್‌ಗೆ ಹಾಕಿದೆ. ಈಗ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತೆ, ಗಾಡಿ ಓಡಲ್ಲ.

ಮೆಕ್ಯಾನಿಕ್: ಕ್ಲಚ್ ಸ್ಲಿಪ್ ಆಗುತ್ತಿದೆ. ಬೈಕಿನ ಕ್ಲಚ್ ಪ್ಲೇಟ್‌ಗಳು ಅದೇ ಇಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತವೆ. ಮೈಲೇಜ್ ಹೆಚ್ಚಲಿ ಅಂತ ಕಾರಿನ ಆಯಿಲ್‌ಗೆ ಜಾರಿಸುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿಗೆ ಅದು ಸರಿ, ನಿಮ್ಮ ಪ್ಲೇಟ್‌ಗೆ ಅಲ್ಲ. ಇವತ್ತೇ ಇಳಿಸಿ, ಡಬ್ಬಿ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರುವುದನ್ನು ಹಾಕಿ ಸ್ವಲ್ಪ ದಿನ ಓಡಿಸಿ. ಆಮೇಲೂ ಜಾರಿದರೆ ಪ್ಲೇಟ್ ಸುಟ್ಟಿದೆ ಅಂತ ಲೆಕ್ಕ, ಬದಲಿಸಬೇಕು.

ಸ್ಕೂಟರ್: ಹಾಗಾದ್ರೆ ಸ್ಕೂಟರ್‌ಗೂ ಎಂಎ2ನೇ ಅಲ್ವಾ ಸರ್?

ಮೆಕ್ಯಾನಿಕ್: ಅಲ್ಲ. ಆಟೋಮ್ಯಾಟಿಕ್ ಸ್ಕೂಟರ್‌ನ ಕ್ಲಚ್ ಆಯಿಲ್‌ನಲ್ಲಿ ಇರುವುದಿಲ್ಲ. ಅದಕ್ಕೆ ಜಾಸೊ ಎಂಬಿ. ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಬೇರೆ ಇದೆ, ಅದನ್ನೂ ಮರೆಯಬೇಡಿ.

ಕುಟುಂಬದ ಕಾರು: ಸರ್ ಯಾವ ಬ್ರಾಂಡ್ ಬೆಸ್ಟ್?

ಮೆಕ್ಯಾನಿಕ್: ಗ್ರೇಡ್, ದರ್ಜೆ ಮ್ಯಾನ್ಯುಯಲ್‌ನಲ್ಲಿ ಇರುವಂತೆ ಇದ್ದು, ಡಬ್ಬಿ ಅಸಲಿ ಆಗಿದ್ದರೆ ಯಾವುದಾದರೂ ಆಗುತ್ತದೆ. ಮುಚ್ಚಳದ ಸೀಲ್ ನೋಡಿ ತಗೊಳ್ಳಿ.

ಡೀಸೆಲ್ ಎಸ್‌ಯುವಿ: ಸರ್, ನನ್ನದು ಸ್ವಲ್ಪ ವಿಚಿತ್ರ. ಆಯಿಲ್ ಬದಲಿಸಿ ಆರು ತಿಂಗಳಾಯಿತು. ಮಧ್ಯೆ ಒಂದು ತೊಟ್ಟೂ ಹಾಕಿಲ್ಲ. ಇವತ್ತು ಮಟ್ಟ ಅಳೆಯುವ ಡಿಪ್‌ಸ್ಟಿಕ್ ಕಡ್ಡಿ ನೋಡಿದರೆ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ. ನಮ್ಮ ಮನೆಯವರು ಕಡಿಮೆ ಆಗಿಲ್ವಲ್ಲ, ಜಾಸ್ತಿ ಇದ್ದರೆ ಒಳ್ಳೇದೇ ಅಂತಾರೆ. ಹಾಗೇ ಬಿಡಬಹುದಾ?

ಮೆಕ್ಯಾನಿಕ್: ಮೇಡಂ, ಬಿಡಬೇಡಿ. ಗಾಡಿ ಸ್ಟಾರ್ಟ್ ಮಾಡಬೇಡಿ. ಮೊದಲು ಇಷ್ಟು ಹೇಳಿ. ಗಾಡಿಗೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದೆಯಾ? ದಿನಾ ಎಷ್ಟು ದೂರ ಓಡಿಸುತ್ತೀರಿ? ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯಾ? ಡಿಪ್‌ಸ್ಟಿಕ್ ಎಳೆದು ಮೂಗಿನ ಹತ್ತಿರ ಹಿಡಿಯಿರಿ, ಡೀಸೆಲ್ ವಾಸನೆ ಬರುತ್ತದಾ? ಒಂದು ಹನಿ ಬೆರಳ ಮೇಲೆ ಹಾಕಿ ಉಜ್ಜಿ ನೋಡಿ.

ಹಳೇ ಡ್ರೈವರ್: ಇಷ್ಟಕ್ಕೆಲ್ಲ ಹೆದರಿಸಬೇಡಿ. ನಾನು ಯಾವಾಗಲೂ ಅರ್ಧ ಲೀಟರ್ ಜಾಸ್ತಿನೇ ಹಾಕೋದು. ಏನೂ ಆಗಿಲ್ಲ.

ಮೆಕ್ಯಾನಿಕ್: ನೀವು ಹಾಕಿದ್ದು ಆಯಿಲ್. ಅವರ ಗಾಡಿಯಲ್ಲಿ ಹಾಕದೇ ಏರಿದೆ. ಎರಡೂ ಒಂದೇನಾ? ನೀವೂ ಜಾಸ್ತಿ ಹಾಕಬೇಡಿ. ಇಂಜಿನ್ ಕೆಳಭಾಗದಲ್ಲಿ ತಿರುಗುವ ಕ್ರ್ಯಾಂಕ್ ದಂಡ ಆಯಿಲ್‌ಗೆ ಬಡಿದು ನೊರೆ ಬರುತ್ತದೆ. ನೊರೆಯಿಂದ ಪಂಪ್‌ಗೆ ಪ್ರೆಶರ್ ಕಟ್ಟಲು ಆಗುವುದಿಲ್ಲ, ಸೀಲ್ ಸೋರುತ್ತದೆ.

ಎಲ್ಲರಿಗೂ ಒಳ್ಳೆಯದಾಗಲಿ: ಫಾರ್ವರ್ಡ್ ಬಂದಿದ್ದು. "ಹಳೇ ಆಯಿಲ್ ಇಳಿಸಿ, ಒಂದು ಲೀಟರ್ ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿ. ಒಳಗಿನ ಕೊಳೆಯೆಲ್ಲ ತೊಳೆದು ಹೋಗಿ ಹೊಸ ಇಂಜಿನ್ ಆಗುತ್ತೆ. ಕಂಪನಿಯವರು ಇದನ್ನು ಹೇಳುವುದಿಲ್ಲ." ಉಪಯೋಗ ಆಗಬಹುದು.

ಮೆಕ್ಯಾನಿಕ್: ಅಡ್ಮಿನ್ ಮೇಲೆ ಏನು ಬರೆದಿದ್ದಾರೆ ಅಂತ ಓದಿದಿರಾ? ಸೀಮೆಎಣ್ಣೆಗೆ ಬೇರಿಂಗ್ ಮೇಲೆ ಪದರ ಕಟ್ಟುವ ಶಕ್ತಿ ಇಲ್ಲ. ಹತ್ತು ನಿಮಿಷ ಲೋಹಕ್ಕೆ ಲೋಹ ಉಜ್ಜುತ್ತದೆ. ಅದು ಸಡಿಲ ಮಾಡಿದ ಕೊಳೆ ಇಡಿಯಾಗಿ ಆಚೆ ಬರುವುದಿಲ್ಲ, ತುಂಡು ತುಂಡಾಗಿ ಹೋಗಿ ಪಂಪಿನ ಕೆಳಗಿನ ಜಾಲರಿಗೆ ಕೂರುತ್ತದೆ. ಅಲ್ಲಿಂದ ಮುಂದೆ ಇಂಜಿನ್‌ಗೆ ಆಯಿಲ್ಲೇ ಹೋಗಲ್ಲ. ಮೂಲೆಯಲ್ಲಿ ಉಳಿದ ಸೀಮೆಎಣ್ಣೆ ಹೊಸ ಆಯಿಲ್ಲನ್ನೂ ತೆಳ್ಳಗೆ ಮಾಡುತ್ತದೆ. ಕಂಪನಿಯವರು ಹೇಳದೇ ಇರುವುದಕ್ಕೆ ಕಾರಣ ಅದೇ.

ಎಲ್ಲರಿಗೂ ಒಳ್ಳೆಯದಾಗಲಿ: ನನಗೆ ಬಂದಿದ್ದನ್ನು ಹಂಚಿಕೊಂಡೆ ಅಷ್ಟೇ. ಇಷ್ಟು ಕೋಪ ಯಾಕೆ?

ಹಳೇ ಕಾರು: ಸರ್ 2012ರ ಪೆಟ್ರೋಲ್ ಕಾರು. ಇಷ್ಟು ವರ್ಷ ಮಿನರಲ್ ಆಯಿಲ್. ಈಗ ಸಿಂಥೆಟಿಕ್‌ಗೆ ಹೋಗಬಹುದಾ? ಹೋದರೆ ಸೋರುತ್ತೆ ಅಂತಾರೆ.

ಸಿಂಥೆಟಿಕ್ ಭಕ್ತ: ಧಾರಾಳವಾಗಿ ಹೋಗಿ. ಮಿನರಲ್ ಆಯಿಲ್ ಹಾಕೋದೇ ತಪ್ಪು.

ಲೆಕ್ಕಾಚಾರ: ಡಬ್ಬಿ ಮೇಲೆ ಸಿಂಥೆಟಿಕ್ ಅಂತ ಇದ್ದ ಮಾತ್ರಕ್ಕೆ ಲ್ಯಾಬ್‌ನಲ್ಲಿ ಕಟ್ಟಿದ್ದು ಅಂದುಕೊಂಡಿದ್ದೀರಾ? ಬಹಳಷ್ಟು ಗ್ರೂಪ್ 3 ದರ್ಜೆಯ ಮೂಲ ತೈಲ. ಕಚ್ಚಾ ತೈಲವನ್ನೇ ಚೆನ್ನಾಗಿ ಶುದ್ಧ ಮಾಡಿದ್ದು. ಅಮೆರಿಕದಲ್ಲಿ ಮೊಬಿಲ್‌ನವರು ಕ್ಯಾಸ್ಟ್ರಾಲ್ ಮೇಲೆ ಇದೇ ದೂರು ಕೊಟ್ಟಿದ್ದರು. 1999ರಲ್ಲಿ ಜಾಹೀರಾತು ಪರಿಶೀಲಿಸುವ ಮಂಡಳಿ ಕ್ಯಾಸ್ಟ್ರಾಲ್ ಪರ ಹೇಳಿತು. ಅಂದಿನಿಂದ ಅಲ್ಲಿ ಗ್ರೂಪ್ 3 ಕೂಡ ಸಿಂಥೆಟಿಕ್ಕೇ.

ಸಿಂಥೆಟಿಕ್ ಭಕ್ತ: ಗೂಗಲ್ ನೋಡಿ ಪಾಠ ಮಾಡಬೇಡಿ. ನನ್ನ ಗಾಡಿ ಎಷ್ಟು ಸ್ಮೂತ್ ಆಗಿದೆ ನನಗೆ ಗೊತ್ತು.

ಲೆಕ್ಕಾಚಾರ: ಹೊಸ ಆಯಿಲ್ ಹಾಕಿದ ದಿನ ಎಲ್ಲರ ಗಾಡಿನೂ ಸ್ಮೂತ್ತೇ.

ಸಿಂಥೆಟಿಕ್ ಭಕ್ತ: ನಿಮ್ಮ ಗಾಡಿ ಯಾವುದು ಮೊದಲು ಹೇಳಿ. ಗಾಡಿ ಇದೆಯೋ ಇಲ್ವೋ?

ಸಿಎನ್‌ಜಿ: ಸಿಎನ್‌ಜಿ ಗಾಡಿಗೆ ಬೇರೆ ಆಯಿಲ್ ಬೇಕಾ ಸರ್?

ಮೆಕ್ಯಾನಿಕ್: ಇಬ್ಬರೂ ಸ್ವಲ್ಪ ತಡೆಯಿರಿ. ಗ್ರೂಪ್ 3 ವಿಷಯದಲ್ಲಿ ಲೆಕ್ಕಾಚಾರ ಅವರು ಹೇಳಿದ್ದು ಸರಿ. ಹಾಗಂತ ಗ್ರೂಪ್ 3 ಕಳಪೆ ಅಲ್ಲ. 2012ರ ಕಾರಿನವರು ಸಿಂಥೆಟಿಕ್‌ಗೆ ಹೋಗಬಹುದು, ಗ್ರೇಡ್ ಅದೇ ಇರಲಿ. ಸೀಲ್ ಚೆನ್ನಾಗಿದ್ದರೆ ಸೋರುವುದಿಲ್ಲ. ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟ ಸೀಲ್ ಇದ್ದರೆ ಅದು ಇವತ್ತಲ್ಲ ನಾಳೆ ಹೇಗೂ ಸೋರುತ್ತದೆ.

ಡೀಸೆಲ್ ಎಸ್‌ಯುವಿ: ಸರ್ ನೋಡಿದೆ. ಡಿಪಿಎಫ್ ಇದೆ. ಆಫೀಸ್ ನಾಲ್ಕು ಕಿಲೋಮೀಟರ್, ಹೋಗಿ ಬರೋದು ಅಷ್ಟೇ. ಕೂಲೆಂಟ್ ಮಟ್ಟ ಸರಿಯಾಗಿದೆ. ಆಯಿಲ್ ಕಪ್ಪಗಿದೆ, ಆದರೆ ನೀರಿನ ಹಾಗೆ ಡಿಪ್‌ಸ್ಟಿಕ್ ತುದಿಯಿಂದ ತೊಟತೊಟ ಬೀಳುತ್ತೆ. ಡೀಸೆಲ್ ವಾಸನೆ ಚೆನ್ನಾಗಿ ಬರುತ್ತೆ. ಹಳದಿ ಲೈಟ್ ಒಂದು ತಿಂಗಳಿಂದ ಬಂದು ಹೋಗಿ ಮಾಡ್ತಿತ್ತು.

ಮೆಕ್ಯಾನಿಕ್: ನಾನು ಅಂದುಕೊಂಡಿದ್ದೇ. ಕೂಲೆಂಟ್ ಇಳಿದು, ಆಯಿಲ್ ಬೆಳ್ಳಗೆ ಕೆನೆಗಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕೆಟ್ಟು ಕೂಲೆಂಟ್ ಬೆರೆತಿದೆ ಅನ್ನುತ್ತಿದ್ದೆ. ಇದು ಆಯಿಲ್‌ಗೆ ಡೀಸೆಲ್ ಬೆರೆತಿರುವುದು.

ಹೇಗೆ ಅಂದರೆ, ಡಿಪಿಎಫ್ ಹೊಗೆಯ ಮಸಿ ಹಿಡಿದಿಡುತ್ತದೆ. ತುಂಬಿದಾಗ ಅದನ್ನು ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಅದಕ್ಕೆ ಬಹಳ ಗಾಡಿಗಳಲ್ಲಿ ಇಂಜೆಕ್ಟರ್‌ಗಳೇ ಪಿಸ್ಟನ್ ಕೆಳಗೆ ಇಳಿಯುವ ಹೊತ್ತಿಗೆ ಇನ್ನೊಂದು ಸಲ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ತಾಗಿ, ರಿಂಗ್ ದಾಟಿ, ಕೆಳಗೆ ಆಯಿಲ್ ಸೇರುತ್ತದೆ. ದೂರ ಓಡಿಸಿದರೆ ಮಸಿ ಪೂರ್ತಿ ಸುಟ್ಟು ಕೆಲಸ ಮುಗಿಯುತ್ತದೆ. ನಾಲ್ಕು ಕಿಲೋಮೀಟರ್‌ಗೆ ನೀವು ಕೀ ತೆಗೆದುಬಿಡುತ್ತೀರಿ. ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಡೀಸೆಲ್. ಹೀಗೆ ಮಟ್ಟ ಏರುತ್ತಾ ಹೋಗುತ್ತದೆ.

ಅಪಾಯ ಎರಡು. ತೆಳ್ಳಗಾದ ಆಯಿಲ್ ಬೇರಿಂಗ್, ಟರ್ಬೊ ಎರಡನ್ನೂ ತಿನ್ನುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮಟ್ಟ ತುಂಬಾ ಏರಿದರೆ ಆಯಿಲ್, ಇಂಜಿನ್ ಒಳಗಿನ ಆವಿ ಹೋಗುವ ಬ್ರೀದರ್ ಪೈಪ್ ಮೂಲಕ, ಗಾಳಿ ಎಳೆಯುವ ದಾರಿಗೆ ಸೇರಬಹುದು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡವಲ್ಲ, ಸಿಕ್ಕಿದ ಆಯಿಲ್ಲನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ವೇಗ ಏರಿಸುತ್ತಾ ಹೋಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಅದಕ್ಕೇ ಸ್ಟಾರ್ಟ್ ಮಾಡಬೇಡಿ ಅಂದಿದ್ದು. ಟೋ ಮಾಡಿಸಿ.

ಆಯಿಲ್, ಫಿಲ್ಟರ್ ಎರಡೂ ಬದಲಿಸಬೇಕು. ಸ್ಕ್ಯಾನರ್ ಹಾಕಿ ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆ, ಎಷ್ಟು ಸಲ ಸುಡುವುದು ಅರ್ಧಕ್ಕೆ ನಿಂತಿದೆ ನೋಡಬೇಕು. ಇಂಜೆಕ್ಟರ್ ಸೋರುತ್ತಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಹೊಸ ಆಯಿಲ್ ಕಡಿಮೆ ಬೂದಿಯದ್ದೇ ಆಗಬೇಕು, ಯುರೋಪಿನ ಎಸಿಇಎ ಗುಣಮಟ್ಟದ ಸಿ ಸಾಲಿನದ್ದು. ಸಿ2, ಸಿ3 ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಮಸಿಯಾದರೆ ಸುಡಬಹುದು, ಆಯಿಲ್‌ನ ಬೂದಿ ಸುಡುವುದಿಲ್ಲ, ಡಿಪಿಎಫ್‌ನಲ್ಲೇ ಕೂತುಬಿಡುತ್ತದೆ.

ಡೀಸೆಲ್ ಎಸ್‌ಯುವಿ: ಸುಡುತ್ತಿದೆ ಅಂತ ನನಗೆ ಗೊತ್ತಾಗೋದು ಹೇಗೆ?

ಮೆಕ್ಯಾನಿಕ್: ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಮೇಲಿರುತ್ತದೆ. ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ಬಿಸಿ ವಾಸನೆ ಬರುತ್ತದೆ. ಆಗ ನಿಲ್ಲಿಸಬೇಡಿ, ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಇನ್ನು ಮೇಲೆ ವಾರಕ್ಕೊಮ್ಮೆ ಹೆದ್ದಾರಿಗೆ ಕರೆದುಕೊಂಡು ಹೋಗಿ.

ಹಳೇ ಡ್ರೈವರ್: ಅದಕ್ಕೇ ನಾನು ಡಿಪಿಎಫ್ ಕಿತ್ತು ಹಾಕಿಸಿ ಅನ್ನೋದು.

ಮೆಕ್ಯಾನಿಕ್: ಇಲ್ಲಿ ಅದನ್ನು ಹೇಳಬೇಡಿ. ಹೊಗೆ ನಿಯಂತ್ರಣದ ಭಾಗ ಕಿತ್ತು ಹಾಕುವ ಕೆಲಸ ನಾನು ಮಾಡುವುದಿಲ್ಲ.

ಹೊಸಬ: ಡಿಪ್‌ಸ್ಟಿಕ್ ನೋಡೋದು ಹೇಗೆ ಸರ್? ಪ್ರತಿ ಸಲ ಬೇರೆ ಬೇರೆ ತೋರಿಸುತ್ತೆ.

ಮೆಕ್ಯಾನಿಕ್: ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ. ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕೊಳವೆಗೆ ಅಂಟಿದ ಆಯಿಲ್ಲೂ ಬರುತ್ತದೆ, ಅದನ್ನು ನಂಬಬೇಡಿ. ತಣ್ಣಗಿದ್ದಾಗಲೇ ನೋಡಿ ಅಂತ ಹೇಳುವ ಗಾಡಿಗಳೂ ಇವೆ.

ಕಾಲೇಜ್: ಆಯಿಲ್ ಕಪ್ಪಾಗಿದೆ. ಬದಲಿಸಬೇಕಾ?

ಮೆಕ್ಯಾನಿಕ್: ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಕಿಲೋಮೀಟರ್, ತಿಂಗಳು ನೋಡಿ.

ಎಲ್ಲರಿಗೂ ಒಳ್ಳೆಯದಾಗಲಿ: ಟಿಶ್ಯೂ ಪೇಪರ್ ಮೇಲೆ ಒಂದು ಹನಿ ಹಾಕಿದರೆ ಆಯಿಲ್ ಕೆಟ್ಟಿದೆಯಾ ಇಲ್ವಾ ಗೊತ್ತಾಗುತ್ತೆ. ವಿಡಿಯೋ ಇದೆ, ಹಾಕಲಾ?

ಮೆಕ್ಯಾನಿಕ್: ಬೇಡ. ಆ ಪರೀಕ್ಷೆ ಪೂರ್ತಿ ಸುಳ್ಳಲ್ಲ. ಸರಿಯಾದ ಕಾಗದದ ಮೇಲೆ ಮಾಡಿದರೆ ಮಸಿ ಎಷ್ಟು, ಆಯಿಲ್ ಅದನ್ನು ಹರಡುವ ಶಕ್ತಿ ಉಳಿಸಿಕೊಂಡಿದೆಯಾ ಅನ್ನುವ ಅಂದಾಜು ಸಿಗುತ್ತದೆ. ಟಿಶ್ಯೂ ಮೇಲೆ ಏನೂ ಗೊತ್ತಾಗುವುದಿಲ್ಲ.

ಸ್ಕೂಟರ್ 2: ಸ್ಕೂಟರ್‌ಗೆ ಎಂಎ2 ಹಾಕಬಹುದಾ?

ಮೆಕ್ಯಾನಿಕ್: ಮೇಲೆ ಓದಿ.

ನಾನೇ ಮಾಡ್ತೀನಿ: ಮನೆಯಲ್ಲೇ ಬದಲಿಸಿದೆ. ಸ್ಟಾರ್ಟ್ ಮಾಡಿದ ಕೂಡಲೇ ಫಿಲ್ಟರ್ ಸುತ್ತ ಆಯಿಲ್ ಚಿಮ್ಮುತ್ತಿದೆ! ಇನ್ನೂ ಬಿಗಿ ಮಾಡಲಾ?

ಮೆಕ್ಯಾನಿಕ್: ಆಫ್ ಮಾಡಿ. ಬಿಗಿ ಮಾಡಬೇಡಿ. ಫಿಲ್ಟರ್ ಬಿಚ್ಚಿ ಇಂಜಿನ್ ಕಡೆಯ ಮುಖ ಬೆರಳಿಂದ ಸವರಿ ನೋಡಿ. ಹಳೇ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿರುತ್ತದೆ. ತೆಗೆದು, ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ಚೆಲ್ಲಿಹೋದಷ್ಟು ಆಯಿಲ್ ನೋಡಿ ತುಂಬಿಸಿ.

ನಾನೇ ಮಾಡ್ತೀನಿ: ಇತ್ತು ಸರ್!! ಎರಡು ರಿಂಗ್. ಹಳೇ ಆಯಿಲ್ ಎಲ್ಲಿ ಹಾಕಲಿ?

ಮೆಕ್ಯಾನಿಕ್: ಡಬ್ಬಿಯಲ್ಲೇ ಮುಚ್ಚಿ ರೀಸೈಕಲ್‌ಗೆ ತಗೊಳ್ಳುವವರಿಗೆ ಕೊಡಿ. ಮೋರಿಗೆ, ಮಣ್ಣಿಗೆ ಸುರಿಯಬೇಡಿ.

ಸಿಎನ್‌ಜಿ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಸಿಂಥೆಟಿಕ್ ಭಕ್ತ: ಲೆಕ್ಕಾಚಾರ ಸಾಹೇಬರು ಗಾಡಿ ಯಾವುದು ಅಂತ ಇನ್ನೂ ಹೇಳಿಲ್ಲ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲ ಆದರೆ ಮ್ಯೂಟ್ ಮಾಡುತ್ತೇನೆ.

ಕುಟುಂಬದ ಕಾರು: ಬ್ರಾಂಡ್ ಹೆಸರು ಹೇಳೋಕೆ ಏನು ಕಷ್ಟ ಸರ್? ಕೇಳಿದ್ದಕ್ಕೆ ನೇರ ಉತ್ತರ ಕೊಡಿ.

ಡೀಸೆಲ್ ಎಸ್‌ಯುವಿ: ಸರ್, ಟೋ ಮಾಡಿಸಿದೆ. ಗ್ಯಾರೇಜಿನವರು ಮೇಲಿನ ಒಂದು ಲೀಟರ್ ಎಳೆದುಬಿಡ್ತೀವಿ, ಮಟ್ಟ ಸರಿ ಆಗುತ್ತೆ, ತಗೊಂಡು ಹೋಗಿ ಅಂತಾರೆ. ಒಪ್ಪಲಾ?

ಮೆಕ್ಯಾನಿಕ್: ಒಪ್ಪಬೇಡಿ. ಮಟ್ಟ ಸರಿಯಾದರೂ ಉಳಿಯುವುದು ಡೀಸೆಲ್ ಬೆರೆತ ಆಯಿಲ್ಲೇ. ಪೂರ್ತಿ ಇಳಿಸಲಿ. ಇಳಿಸುವಾಗ ಹತ್ತಿರ ನಿಂತು ನೋಡಿ, ಬಿಚ್ಚಿದ ಫಿಲ್ಟರ್ ತೋರಿಸಲು ಹೇಳಿ. ಬಿಲ್ಲಿನಲ್ಲಿ ಗ್ರೇಡ್ ಜೊತೆ ಸಿ2 ಅಥವಾ ಸಿ3 ಅಂತ ಬರೆಸಿ. ಸ್ಕ್ಯಾನರ್ ಹಾಕಿ ಡಿಪಿಎಫ್ ನೋಡದೆ ಗಾಡಿ ವಾಪಸ್ ತಗೊಳ್ಳಬೇಡಿ. ಅಲ್ಲಿ ಸ್ಕ್ಯಾನರ್ ಇಲ್ಲ ಅಂದರೆ ಬೇರೆ ಕಡೆ ಟೋ ಮಾಡಿಸಿ, ಓಡಿಸಿಕೊಂಡು ಹೋಗಬೇಡಿ.